ಬಿಸಿಲು ಬೀಳದ ಬದು

ಈ ಕಥೆಯನ್ನು ಮೊದಲು ಹೇಳಿದವಳು ಕಾಳವ್ವ. ಕಳೆದ ವರ್ಷ ಶಿವರಾತ್ರಿ ಮುಗಿದ ಮೇಲೆ, ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯ ಮಗ್ಗುಲಿನ ಒಂದು ಮಣೂಕಾ ಶೆಡ್ಡಿನಲ್ಲಿ, ಒಣಗಿದ ದ್ರಾಕ್ಷಿಯನ್ನು ಬಣ್ಣ ನೋಡಿ ಆರಿಸುತ್ತ ಕುಳಿತ ಹೆಂಗಸರಿಗೆ. ಕಥೆ ನಡೆದ ತೋಟದ ಮನೆಯಲ್ಲಿ ಅವಳು ಕಸ ಮುಸುರೆಗೆ ಇದ್ದವಳು. ಕಂಡದ್ದನ್ನು ಕಂಡಂತೆ ಹೇಳಿದಳು. ಕಣ್ಣಿಗೆ ಕಾಣದ್ದನ್ನು, ಅಂದರೆ ಆ ಮನೆಯ ಮಗಳು ಉಜ್ವಲಾಳ ಮನಸ್ಸಿನೊಳಗೆ ನಡೆದದ್ದನ್ನು, ಆಕೆಯೇ ಆಮೇಲೆ ಒಲೆಯ ಮುಂದೆ ಕುಳಿತು ತನಗೆ ಹೇಳಿಕೊಂಡಂತೆ ಹೇಳಿದಳು. ಹೇಳುವಾಗ ಅವಳ ಕೈ ನಿಲ್ಲಲಿಲ್ಲ: ಹಸಿರು ಕಾಳು ಒಂದು ಕಡೆ, ಕೆಂಪು ಒಂದು ಕಡೆ, ಕಪ್ಪು ಬಿದ್ದದ್ದು ಕೆಳಗೆ.

ಆ ಮುಂಜಾನೆ ಉಜ್ವಲಾ ಹಿತ್ತಲಿನ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತ ಬದುವಿನ ಹುಲ್ಲನ್ನು ನೋಡುತ್ತಿದ್ದಳು. ಅಕ್ಟೋಬರದ ಛಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ದ್ರಾಕ್ಷಿ ತೋಟದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಬಳ್ಳಿಗಳು ತಂತಿಯುದ್ದಕ್ಕೂ ತೋಳು ಚಾಚಿ ಬೆತ್ತಲೆ ನಿಂತಿದ್ದವು. ಕತ್ತರಿ ಬಿದ್ದ ತುದಿಗಳಲ್ಲಿ, ಚಿಗುರು ಎಬ್ಬಿಸಲೆಂದು ಹಚ್ಚಿದ ಕೆಂಪು ಪೇಸ್ಟು ಹಸಿ ಗಾಯದಂತೆ ಹೊಳೆಯುತ್ತಿತ್ತು. ಪಂಪಿನ ಮನೆಯ ನೆರಳು ಮೂಡಣ ಬದುವಿನ ಮೇಲೆ ಉದ್ದಕ್ಕೆ ಮಲಗಿತ್ತು. ನಿನ್ನೆ ಸಂಜೆ ಅವಳ ತಮ್ಮ ಅಮೋಲ ಬೆನ್ನಿಗೆ ಪಂಪು ಕಟ್ಟಿಕೊಂಡು ಆ ಬದುವಿಗೆ ಎಣ್ಣೆ ಹೊಡೆದಿದ್ದ, ಕಳೆ ಸುಡುವ ಎಣ್ಣೆ. ಹುಲ್ಲು ಮಾತ್ರ ಏನೂ ಆಗದ ಹಾಗೆ, ಇಬ್ಬನಿ ಹೊತ್ತು, ಹಸಿರಾಗಿತ್ತು. ಅವಳ ಕಣ್ಣಿಗೆ ಹುಲ್ಲು ಬರಿಯ ಹುಲ್ಲಾಗಿ ಕಾಣುವುದು ನಿಂತು ಎಷ್ಟೋ ಕಾಲವಾಗಿತ್ತು. ಆ ಒಂದೊಂದು ಗರಿಯೊಳಗೆ, ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ, ಹಸಿರು ಪೊರೆಗಳು ಒಂದರ ಮೇಲೊಂದು ಕೂತಿವೆ. ಪೊರೆಯೆಂದರೆ ಜಿಡ್ಡು, ತಲೆಯಲ್ಲಿ ಸಕ್ಕರೆ ಹೊತ್ತು ಬಾಲ ಒಳಗೆ ಮಾಡಿ ನಿಂತ ಜಿಡ್ಡಿನ ಕಣಗಳ ಸಾಲು. ಆ ಜಿಡ್ಡಿನಲ್ಲಿ ನಟ್ಟ ಪ್ರೋಟೀನುಗಳು ಬೆಳಕು ಹಿಡಿಯುತ್ತವೆ. ಅವುಗಳಲ್ಲಿ ಒಂದು ಯಾವಾಗಲೂ ಜೋಡಿಯಾಗಿ ದುಡಿಯುತ್ತದೆ, ಎತ್ತುಗಳ ಹಾಗೆ. ಜೋಡಿಯ ನಡುವಿನ ಸಂದಿನಲ್ಲಿ ಸಿಕ್ಕಿಕೊಂಡ ಕೆಲವೇ ಜಿಡ್ಡಿನ ಕಣಗಳು ಎತ್ತಿನ ಕೊರಳನ್ನು ನೊಗಕ್ಕೆ ಬಿಗಿಯುವ ಜತ್ತಿಗೆಯಂತೆ ಎರಡನ್ನೂ ಹಿಡಿದಿವೆ. ಅವನ್ನು ಕಿತ್ತರೆ ಜೋಡಿ ಬಿಚ್ಚಿಕೊಳ್ಳುತ್ತದೆ. ಇದನ್ನು ತೋರಿಸಲು ಅವಳು ದೂರದ ಪ್ರಯೋಗಾಲಯವೊಂದರಲ್ಲಿ ವರ್ಷಗಟ್ಟಲೆ ಪಾಲಕದ ಎಲೆ ಅರೆದಿದ್ದಳು. ಜಿಡ್ಡು ಎಂದರೆ ಪ್ರೋಟೀನು ಸ್ನಾನ ಮಾಡುವ ನೀರು, ಸ್ನಾನದ ನೀರಿನ ಮೇಲೆ ಯಾರೂ ಪ್ರಬಂಧ ಬರೆಯುವುದಿಲ್ಲ ಎಂದು ಅಲ್ಲಿಯ ಹಿರಿಯರೊಬ್ಬರು ತುಂಬಿದ ಸಭೆಯಲ್ಲಿ ಹೇಳಿದ್ದರು. ಸಭೆ ನಕ್ಕಿತ್ತು. ಗಾಜಿನ ನಳಿಗೆಗಳನ್ನು ಸರಿಯಾಗಿ ತೊಳೆದಿದ್ದೀರಾ ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ್ದ. ಆಕೆ ಹೌದು ಎಂದಿದ್ದಳು. ಹೌದು ಎಂದು ಉತ್ತರಿಸಿದ್ದೇ ಆ ದಿನದ ದೊಡ್ಡ ಅವಮಾನವಾಗಿ ಬಾಯಲ್ಲಿ ಇನ್ನೂ ಉಳಿದಿತ್ತು.

ಅದಕ್ಕೇ ಇರಬೇಕು, ತಾನು ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ಅಮೋಲ ಪಂಪಿನ ಮನೆಯ ಮುಂದೆ ಕುಳಿತು, ಮಧ್ಯಾಹ್ನ ಹೊಡೆದರೆ ತುದಿಯಷ್ಟೇ ಸುಟ್ಟು ಬೇರಿನಿಂದ ಮತ್ತೆ ಚಿಗಿಯುತ್ತದಲ್ಲ ಅಕ್ಕಾ, ಯಾಕೆ ಎಂದು ಕೇಳಿದಾಗ ಅವಳು ಹಿಡಿದ ಕೆಲಸ ಬಿಟ್ಟು ಅವನ ಎದುರು ಕುಳಿತದ್ದು. ಮನೆಯವರು ಅವಳ ಓದಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವಳು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದಳು. ಬಿಸಿಲು ಬಿದ್ದೊಡನೆ ಆ ಪ್ರೋಟೀನುಗಳು ಕೆಲಸಕ್ಕೆ ಇಳಿಯುತ್ತವೆ, ಕಿಡಿಯಂಥ ಕಣಗಳನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಈ ಎಣ್ಣೆ ನಡುವೆ ಬಂದು ಕಿಡಿಯನ್ನು ಕಸಿದು ಗಾಳಿಗೆ ಕೊಡುತ್ತದೆ. ಗಾಳಿ ಹುಚ್ಚಾಗಿ ಜಿಡ್ಡನ್ನು ಕಚ್ಚುತ್ತದೆ. ಒಂದು ಕಣ ಕಮಟಿತೆಂದರೆ ಪಕ್ಕದ್ದೂ ಕಮಟುತ್ತದೆ, ಪೊರೆ ಹರಿಯುತ್ತದೆ, ಜೋಡಿ ಬಿಚ್ಚಿ ಬೀಳುತ್ತದೆ. ಎಲೆಯನ್ನು ಕೊಲ್ಲುವುದು ಎಲೆಯದೇ ಬೆಳಕು. ಬಿಸಿಲಲ್ಲಿ ಹೊಡೆದರೆ ಬಿದ್ದಲ್ಲೇ ಸುಡುತ್ತದೆ. ಸಂಜೆ ಹೊಡೆ, ಕತ್ತಲಲ್ಲಿ ಸದ್ದಿಲ್ಲದೆ ಒಳಗೆಲ್ಲ ಹರಡಲಿ, ಮರುದಿನದ ಸೂರ್ಯ ಉಳಿದದ್ದನ್ನು ಮಾಡುತ್ತಾನೆ. ಅಮೋಲ ಅವಳ ಮುಖವನ್ನೇ ನೋಡುತ್ತ ಕೇಳಿದ್ದ. "ಅಂದ್ರ ಬಿಸಲ ಬೀಳೂ ಮಟಾ ಅದು ಮಕ್ಕೊಂಡಿರತೈತಿ ಅನ್ನು," ಎಂದಿದ್ದ. ಅವಳು ಹೌದು ಎಂದಿದ್ದಳು. ಸಭೆಯಲ್ಲಿ ಅಂದ ಹೌದಿಗಿಂತ ಎಷ್ಟು ಬೇರೆಯಾದ, ಎಷ್ಟು ಸಿಹಿಯಾದ ಹೌದು.

ಹೊರಗಿನ ಅಂಗಳದಲ್ಲಿ ಏನೋ ದೊಪ್ಪನೆ ಬಿತ್ತು. ಅವಳು ಬಾಯಿ ಮುಕ್ಕಳಿಸದೆಯೇ ಎದ್ದು ಹೋದಳು. ಬಾಗಿಲ ಮುಂದೆ ಸತ್ತ ಕುರಿ ಬಿದ್ದಿತ್ತು. ಅದನ್ನು ಹೆಗಲಿನಿಂದ ಒಗೆದ ಕುರುಬ ಮಾಳೇಶ ಉದ್ದನೆಯ ಕೋಲಿಗೆ ಕಟ್ಟಿದ ಕುಡಗೋಲು ಊರಿಕೊಂಡು ನಿಂತಿದ್ದ. ಮಾಳೇಶನ ಹಿಂಡು ಈ ತೋಟಕ್ಕೆ ಬರುವುದು ಅಜ್ಜಂದಿರ ಕಾಲದ ನಡಾವಳಿ. ಛಾಟಣಿ ಆದ ವಾರ ಕುರಿ ಬರುತ್ತವೆ, ಉದುರಿದ ಎಲೆಯನ್ನೂ ಬದುವಿನ ಹುಲ್ಲನ್ನೂ ಮೇಯುತ್ತವೆ, ಹೊಲದಲ್ಲೇ ಮಲಗಿ ಗೊಬ್ಬರ ಬಿಟ್ಟು ಹೋಗುತ್ತವೆ. ಇದಕ್ಕೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಎಣ್ಣೆ ಹೊಡೆದ ಬದು ಯಾವುದೆಂದು ಯಾರೂ ಕುರುಬನಿಗೆ ಹೇಳಿದವರಲ್ಲ. ಮಧ್ಯಾಹ್ನ ಹೊಡೆದ ಹುಲ್ಲು ಸಂಜೆಯೊಳಗೆ ಕರಕಾಗಿ ತಾನೇ ಹೇಳಿಬಿಡುತ್ತಿತ್ತು. ಈ ವರ್ಷ ಹುಲ್ಲು ಸುಮ್ಮನಿತ್ತು. ನಾಲ್ಕು ದಿನದ ಹಿಂದೆ ಸಂಜೆ ಅಮೋಲ ಪಡುವಣ ಬದುವಿಗೆ ಧಾರಾಳವಾಗಿ ಹೊಡೆದಿದ್ದ. ಮರುದಿನ ನಸುಕಿನಲ್ಲಿ ಮಾಳೇಶ ಹಸಿರು ಕಂಡು ಕುರಿ ಬಿಟ್ಟಿದ್ದ. ಕುರಿ ಅತ್ತ ಹೋದ ಮೇಲೆ ಬಿಸಿಲು ಬಂದು ಬದು ಸುಟ್ಟಿತ್ತು. ಈಗ ಅದರ ಫಲ ಅಂಗಳದಲ್ಲಿತ್ತು. ಕುರಿಯ ನಾಲಿಗೆ ಸುಲಿದು ಹೊರಗೆ ಜೋತಿತ್ತು, ವಸಡು ಬೆಂದ ಹಾಗೆ ಬೆಳ್ಳಗಿತ್ತು, ಉಸಿರಿಗಾಗಿ ಕೊನೆಯವರೆಗೂ ಚಾಚಿದ ಕೊರಳು ಸತ್ತ ಮೇಲೂ ಚಾಚಿಯೇ ಇತ್ತು.

"ಬಾಬಾಸಾಹೇಬ್ರ, ಹೊರಗ ಬರ್ರಿ," ಎಂದ ಮಾಳೇಶ. "ನಿಮ್ಮ ಬದುವಿನ್ಯಾಗ ಮೇದ ಕುರಿ ಐತ್ರಿ ಇದು. ಉಳಿದಾವು ದಾರ್ಯಾಗ ಬಿದ್ದಾವು. ನಮ್ಮವ್ವ ಅವುಗಳ ಬಾಯಿಗಿ ನೀರ ಬಿಡಾಕತ್ತಾಳ."

ಮನೆಯ ಹಿರಿಯ, ಉಜ್ವಲಾಳ ಕಾಕಾ ಬಾಬಾಸಾಹೇಬ, ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದ. ಅವನ ಹಿಂದೆಯೇ ಅಮೋಲ, ಕೈಯಲ್ಲಿ ಚಹದ ಬಸಿ. ಕಡ್ಡಿ ಆರಿಸಲು ಬಂದ ಆಳುಗಳು ಗೋಡೆಗೆ ಒರಗಿ ನಿಂತರು.

"ಏನ್ಲೇ ಮಾಳ್ಯಾ, ಮುಂಜಾನೆದ್ದು ನಮ್ಮ ಅಂಗಳಕ ಹೆಣಾ ಒಗಿತಿ?" ಎಂದ ಅಮೋಲ.

"ನಂದಲ್ರಿ ಸಾವಕಾರ್ರ. ಕೊಂದವ್ರದು ಕೊಂದವ್ರಿಗಿ ತಂದು ಮುಟ್ಟಿಸೇನಿ."

ಅಮೋಲ ಚಹ ಮುಗಿಸಿ ಬಸಿ ಕೆಳಗಿಟ್ಟ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಉಜ್ವಲಾ ಆಮೇಲೆ ಮತ್ತೆ ಮತ್ತೆ ನೆನೆದದ್ದು ಅದನ್ನೇ: ಅವನು ಸುಳ್ಳು ಹೇಳುತ್ತಿರಲಿಲ್ಲ. "ಎಣ್ಣಿ ಹೊಡದದ್ದು ಖರೇ. ಇಲ್ಲ ಅಂತ ಯಾಕ ಅನ್ಲಿ? ಆದ್ರ ಬಿಸಲ ಬಿದ್ದ ಮ್ಯಾಲೆ ಅದು ವಿಷ. ನಿನ್ನ ಕುರಿ ಮೇದದ್ದು ನಸುಕಿನ್ಯಾಗ. ಕುರಿ ಹೊಟ್ಟ್ಯಾಗೇನ ಸೂರ್ಯಾ ಹುಟ್ಟತಾನೇನ?" ಆಳುಗಳು ನಕ್ಕರು. "ಬೇರೆ ಎಲ್ಲೋ ಮೇಯ್ಸಿ ಇಲ್ಲಿ ತಂದು ಹಾಕಾಕತ್ತಿ. ಬೇಕಾದ್ರ ನಮ್ಮ ಅಕ್ಕನ್ನ ಕೇಳು. ಎಲೀ ಒಳಗ ಹೊಕ್ಕು ಬಂದಾಕಿ."

ಎಲ್ಲರೂ ಅವಳ ಕಡೆ ತಿರುಗಿದರು. ಬಾಯಿಯ ಮೂಲೆಯಲ್ಲಿ ಪೇಸ್ಟಿನ ನೊರೆ ಒಣಗುತ್ತಿರುವುದು ಅವಳಿಗೆ ಅರಿವಾಯಿತು. ಎಲೆಗೆ ಬಿಸಿಲು ಬೇಕು, ಯಾಕೆಂದರೆ ಎಲೆಯಲ್ಲಿ ಆ ಕಿಡಿ ಹುಟ್ಟುವುದು ಬಿಸಿಲಿನಿಂದ. ಕುರಿಯ ಶ್ವಾಸಕೋಶದಲ್ಲಿ ಕಿಡಿ ಹಗಲೂ ಇದೆ, ರಾತ್ರಿಯೂ ಇದೆ. ಅಲ್ಲಿಯೂ ಪೊರೆ ಜಿಡ್ಡಿನದೇ. ಗಾಳಿಯಂತೂ ಕುರಿ ತಾನಾಗಿ ಒಳಗೆಳೆದುಕೊಳ್ಳುತ್ತದೆ. ಒಂದೊಂದು ಉಸಿರೂ ಒಂದೊಂದು ಸೂರ್ಯೋದಯ. ಇದನ್ನು ಅಂದು ತಮ್ಮನಿಗೆ ಹೇಳಿರಲಿಲ್ಲ. ಅವನು ಕೇಳಿರಲಿಲ್ಲ, ಅಷ್ಟಾದರೂ ಕೇಳಿದ್ದಕ್ಕೇ ಅವಳು ಹಿಗ್ಗಿದ್ದಳು. ಈಗ ಹೇಳಿದರೆ ಅವನು ಈ ಅಂಗಳದಲ್ಲಿ, ಈ ಆಳುಗಳ ಮುಂದೆ, ಕೊಂದವನಾಗುತ್ತಾನೆ. ಆ ಉಪಾಯವನ್ನು ಅವನ ಕೈಗೆ ಕೊಟ್ಟವಳು ತಾನಾಗುತ್ತಾಳೆ.

"ಹೇಳ ಅವ್ವಾ," ಎಂದ ಬಾಬಾಸಾಹೇಬ. "ಹುಡುಗ ಅನ್ನೂದು ಖರೇ ಏನು?"

"ಹೌದ್ರಿ ಕಾಕಾ. ಎಲ್ಯಾಗ ಅದು ಬಿಸಲಿದ್ರನ ಕೆಲಸ ಮಾಡತೈತಿ."

ಎಲೆಯಲ್ಲಿ ಎಂಬ ಮಾತನ್ನು ಅವಳು ಬೇಕೆಂದೇ ಇಟ್ಟಿದ್ದಳು. ಅಷ್ಟು ಸಣ್ಣ ಕಿಂಡಿಯಿಂದ ತನ್ನ ಸತ್ಯ ಹೊರಗೆ ನುಸುಳಿ ಹೋಯಿತೆಂದು ತನಗೆ ತಾನೇ ಹೇಳಿಕೊಂಡಳು. ಅಂಗಳದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಅಮೋಲ ಎದೆ ಸೆಟೆಸಿ ಆಳುಗಳ ಕಡೆ ನೋಡಿದ.

ಮಾಳೇಶ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. "ನಮ್ಮ ಕುರಿ ಸಾಲಿಗಿ ಹೋಗಿಲ್ರಿ ಅಕ್ಕಾರ," ಎಂದ. "ಬಿಸಲ ಬರೂ ಮಟಾ ಸಾಯಬಾರದು ಅಂತ ಅವಕ್ಕ ಗೊತ್ತಾಗ್ಲಿಲ್ಲ." ಆಮೇಲೆ ಸತ್ತ ಕುರಿಯ ಕೊಂಬು ಹಿಡಿದು ಮುಖವನ್ನು ಅವಳ ಕಡೆ ತಿರುಗಿಸಿದ. "ಇದರ ಬಾಯಿ ನೋಡ್ರಿ. ಇದನ್ನ ನೋಡಿ ಅದ ಮಾತ ಇನ್ನೊಮ್ಮಿ ಆಡ್ರಿ. ಎಲಿ ಓದಿದಾಕಿಗಿ ಬಾಯಿ ಓದಾಕ ಬರೂದಿಲ್ಲೇನ? ಥೂ, ಇಂಥಾ ಓದ ಓದೂದಕ್ಕಿಂತ—"

ಮಾತು ಮುಗಿಯಲಿಲ್ಲ. ಹಂದರ ರಿಪೇರಿಗೆಂದು ಗೋಡೆಗೆ ಒರಗಿಸಿದ್ದ ಕಬ್ಬಿಣದ ಆ್ಯಂಗಲ್ ಅಮೋಲನ ಕೈಗೆ ಯಾವಾಗ ಬಂತೋ. ಮಾಳೇಶ ತಲೆ ಉಳಿಸಿಕೊಳ್ಳಲು ತೋಳು ಎತ್ತಿದ. ಏಟು ತೋಳಿಗೆ ಬಿತ್ತು. ಆ ಸದ್ದು ಉಜ್ವಲಾಳಿಗೆ ಗೊತ್ತಿದ್ದ ಸದ್ದು: ವಾರದಿಂದ ತೋಟದ ತುಂಬ ಕೇಳುತ್ತಿದ್ದ, ಕತ್ತರಿಗೆ ದಪ್ಪ ಕಡ್ಡಿ ಸಿಕ್ಕಾಗಿನ ಒಣ ಸದ್ದು. ತೋಳು ಮೊಣಕೈಯ ಕೆಳಗೆ, ತೋಳು ಮಡಿಯಬಾರದ ಕಡೆ, ಮಡಿಯಿತು. ಅವನು ಕುರಿಯ ಮೇಲೆಯೇ ಕುಸಿದ. ಅಮೋಲ ಇನ್ನೊಂದು ಹಾಕಿದ, ಬೆನ್ನಿಗೆ. ಆಮೇಲೆ ಕಾಲಿನಿಂದ ಪಕ್ಕೆಗೆ, "ನಮ್ಮ ಅಕ್ಕಗ ಥೂ ಅಂತಿ, ನಮ್ಮ ಅಕ್ಕಗ," ಎಂದು ಒದೆತಕ್ಕೊಮ್ಮೆ ಹೇಳುತ್ತ. ಪ್ರತಿ ಒದೆತವೂ ತನ್ನ ಹೆಸರಿನಲ್ಲಿ ಬೀಳುತ್ತಿರುವುದನ್ನು ಅವಳು ಕೇಳಿಸಿಕೊಂಡಳು. ಗಾಜಿನ ನಳಿಗೆ ತೊಳೆದಿದ್ದೀರಾ ಎಂದು ಕೇಳಿದವನ ಮುಖ ಯಾಕೋ ಕಣ್ಣ ಮುಂದೆ ಬಂತು. ಆ ದಿನ ಇಂಥ ಒಬ್ಬ ತಮ್ಮ ಆ ಸಭೆಯಲ್ಲಿ ಇದ್ದಿದ್ದರೆ ಎಂಬ ಆಸೆಯೂ, ಎದುರಿಗೆ ರಕ್ತ ಹರಿಯುತ್ತಿರುವಾಗಲೇ, ಬಂತು. ಆ ಆಸೆಗಾಗಿ ಅವಳು ತನ್ನನ್ನು ಎಂದೂ ಕ್ಷಮಿಸಲಿಲ್ಲ.

"ಸಾಕು ಬಿಡೋ," ಎಂದ ಬಾಬಾಸಾಹೇಬ, ಸಾಕಾಗಿ ಎಷ್ಟೋ ಹೊತ್ತಾದ ಮೇಲೆ.

ಆಗ ದಾರಿಯಿಂದ ಮಾಳೇಶನ ತಾಯಿ ಕೆಂಪವ್ವ ಬಂದಳು. ಸೀರೆಯ ಮುಂಭಾಗವೆಲ್ಲ ಕುರಿಗಳ ಜೊಲ್ಲು. ಅವಳು ಮಗನ ಹತ್ತಿರ ಕೂಡಲಿಲ್ಲ, ಅಳಲಿಲ್ಲ. ಅವನನ್ನೊಮ್ಮೆ ನೋಡಿ, ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಅಂಗಳದ ನಡುವೆ ಬಂದು ಉಜ್ವಲಾಳ ಮಗ್ಗುಲಿಗೆ ನಿಂತಳು. ಏನಾಯಿತೆಂದು ಆಳೊಬ್ಬ ಹೇಳಿದ. ಅವಳು ಪೂರ್ತಿ ಕೇಳಿದಳು.

"ಬಾಬಾಸಾಹೇಬಪ್ಪಾ, ಮೇವಿನ ಜಗಳಕ್ಕ ನಿಮ್ಮಪ್ಪ ಏನ ಮಾಡಸ್ತಿದ್ದಾ?"

ಬಾಬಾಸಾಹೇಬನಿಗೆ ಅದು ನೆನಪಿತ್ತು. ಜಗಳ ಬಿದ್ದ ಬದುವಿನ ಹುಲ್ಲನ್ನು ಎರಡೂ ಕಡೆಯವರು ಕೀಳಬೇಕು, ಎದುರು ಬದುರು ನಿಂತು ಒಟ್ಟಿಗೆ ಬಾಯಿಗಿಟ್ಟು ಅಗಿದು ರಸ ನುಂಗಬೇಕು, ಆಮೇಲೆ ಮಾತಾಡಬೇಕು. ಸುಳ್ಳಾಡಿದವನ ಬಾಯಿ ಹುಣ್ಣಾಗುತ್ತದೆ ಎಂದು ಹಿರಿಯರ ನಂಬಿಕೆ. ಅದಕ್ಕೆ ಬದುವಿನ ಆಣೆ ಎನ್ನುತ್ತಿದ್ದರು.

"ನಿನ್ನೆ ಸಂಜಿಗಿ ಹೊಡದ ಬದು ಯಾವುದಪ್ಪಾ?" ಎಂದು ಕೆಂಪವ್ವ ಅಮೋಲನನ್ನು ಕೇಳಿದಳು.

"ಅದ, ಪಂಪಿನ ಮನಿ ಹಿಂದಿಂದು."

"ಅಲ್ಲಿ ಇನ್ನ ಬಿಸಲ ಬಿದ್ದಿಲ್ಲ. ನಿಮ್ಮ ಅಕ್ಕ ಹೇಳಿದಂಗ ಅದು ಮಕ್ಕೊಂಡೈತಿ. ತರಸು. ನೀ ಕಚ್ಚು, ನಾನೂ ಕಚ್ಚತೇನಿ. ನಿನಗ ಏನೂ ಆಗಲಿಲ್ಲಂದ್ರ ನನ್ನ ಮಗ ಸುಳ್ಳಾ; ಸತ್ತ ಕುರಿ ಹೊತ್ತಗೊಂಡು ಈ ಸೀಮಿ ಬಿಟ್ಟ ಹೋಗ್ತೇವಿ."

"ಯಾರನ್ನ್ಯಾಕ ಕಳಸೂದು? ನಾನ ತರತೇನಿ," ಎಂದು ಅಮೋಲ ನಕ್ಕ. "ಅಕ್ಕ ಹೇಳಿದ ಮ್ಯಾಲೆ ಅಂಜಿಕಿ ಯಾತರದು?"

ಅವನು ಹಿತ್ತಲಿಗೆ ಹೋಗಿ ಬರುವಷ್ಟು ಹೊತ್ತು ಅವಳಿಗಿತ್ತು. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಒಂದು ವಾಕ್ಯವನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ಅವಳು ಅಂಗಳದ ನೆಲದ ಮೇಲೆ ಬಿಸಿಲಿನ ಅಂಚು ಸರಿಯುವುದನ್ನು ನೋಡಿದಳು. ಅದು ಸತ್ತ ಕುರಿಯ ಗೊರಸನ್ನು ಮುಟ್ಟಿತು, ಮಾಳೇಶನ ಮುರಿದ ಕೈಯ ಬೆರಳನ್ನು ಮುಟ್ಟಿತು. ಕಾಕಾನೇ ಬೇಡವೆನ್ನುತ್ತಾನೆ, ಅಮೋಲನೇ ಕೊನೆಗೆ ಹೆದರಿ ಎಸೆಯುತ್ತಾನೆ, ಮುದುಕಿಯೇ ಸೋಲುತ್ತಾಳೆ: ಹೀಗೆ ಬೇರೆಯವರ ಕೈಯಲ್ಲಿ ತನ್ನ ಮಾತನ್ನು ಇಟ್ಟು ಕಾದಳು. ಅಮೋಲ ಎರಡು ಹಿಡಿ ಹುಲ್ಲು ತಂದ. ಒಂದನ್ನು ಕೆಂಪವ್ವನ ಕೈಗೆ ಕೊಟ್ಟು, ಅಂಗಳದ ಆಚೆ ತುದಿಗೆ ಹೋಗಿ ಎದುರಾಗಿ ನಿಂತ. ಹುಲ್ಲು ಚಿಕ್ಕ ಮಕ್ಕಳ ಚಿತ್ರದಲ್ಲಿರುವಂಥ ಹಸಿರಾಗಿತ್ತು. ಇಬ್ಬರೂ ಕೈ ಎತ್ತಿದರು. ಅಮೋಲ ಅಕ್ಕನ ಕಡೆ ನೋಡಿ, ಶಾಲೆಯ ಹುಡುಗ ಪಾಠ ಒಪ್ಪಿಸುವ ಮೊದಲು ಗುರುವನ್ನು ನೋಡುವಂತೆ ನೋಡಿ, ಹಿಡಿಯಷ್ಟನ್ನೂ ಬಾಯಿಗೆ ತುರುಕಿ ಅಗಿದ.

ಅವಳು ಓಡಿದಳು. ಅಂಗೈಯಿಂದ ಅವನ ಕೆನ್ನೆಗೆ ಹೊಡೆದಳು, ಎಷ್ಟು ಜೋರಾಗಿ ಎಂದರೆ ಅವನ ತಲೆ ಗೋಡೆಗೆ ಬಡಿಯಿತು. ದವಡೆ ಹಿಡಿದು ಬೆರಳುಗಳನ್ನು ಬಾಯೊಳಗೆ ನುಗ್ಗಿಸಿದಳು. ಅವನು ಗಾಬರಿಯಲ್ಲಿ ಕಚ್ಚಿದ. ಹಲ್ಲು ಎಲುಬಿಗೆ ತಾಕಿದ್ದು ಅವಳಿಗೆ ಗೊತ್ತಾಯಿತು. ಅವನು ಹೊಟ್ಟೆಗೆ ಗುದ್ದಿದ, ಕೂದಲು ಹಿಡಿದು ಜಗ್ಗಿದ. ಅವಳು ಬಿಡಲಿಲ್ಲ. ರಕ್ತವೂ ಹಸಿರೂ ಕೂಡಿದ ಮುದ್ದೆಯನ್ನು ಗೀರಿ ಗೀರಿ ಹೊರಗೆ ತೆಗೆದಳು, ಕೊರಳಪಟ್ಟಿ ಹಿಡಿದು ಹಿತ್ತಲಿನ ತೊಟ್ಟಿಗೆ ಎಳೆದೊಯ್ದು ತಲೆಯನ್ನು ನೀರಿಗೆ ಅದ್ದಿದಳು, ಎತ್ತಿದಳು, ಮತ್ತೆ ಅದ್ದಿದಳು. "ಉಗುಳು. ನುಂಗಬ್ಯಾಡ. ಉಗುಳು." ಆಳುಗಳು ಬಂದು ಬಿಡಿಸುವಾಗ ಇಬ್ಬರ ಮುಖದಲ್ಲೂ ಯಾರ ರಕ್ತ ಯಾರದೆಂದು ತಿಳಿಯುವಂತಿರಲಿಲ್ಲ.

"ವಿಷ ಐತಿ ಕಾಕಾ," ಎಂದಳು, ತೇಕುತ್ತ. "ಹಸರಿದ್ದಾಗೂ ವಿಷನ, ಕತ್ತಲ್ದಾಗೂ ವಿಷನ. ಬಿಸಲ ಬೇಕಾಗಿದ್ದು ಹುಲ್ಲ ಸಾಯಾಕ. ಕುರಿ ಸಾಯಾಕ ಅಲ್ಲ. ನನಗ ಗೊತ್ತಿತ್ತು. ಅವಗ ಗೊತ್ತಿರಲಿಲ್ಲ, ನನಗ ಗೊತ್ತಿತ್ತು."

ಹಿಂದೆ ತಿರುಗಿದಾಗ ಕೆಂಪವ್ವ ಅಂಗಳದಲ್ಲಿ ಅದೇ ಜಾಗದಲ್ಲಿದ್ದಳು. ಹುಲ್ಲಿನ ಗರಿಗಳು ಅವಳ ಹಲ್ಲಿನ ನಡುವೆ ಇದ್ದವು, ಅಗಿದಿರಲಿಲ್ಲ. ಉಜ್ವಲಾ ಓಡಿದ್ದನ್ನು ಕಂಡಾಗಲೇ ಅವಳ ದವಡೆ ನಿಂತಿತ್ತು. ಒಂದೊಂದೇ ಗರಿ ತೆಗೆದು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು. ಕಾಳವ್ವ ಕೊಟ್ಟ ತಂಬಿಗೆಯ ನೀರಿನಿಂದ ಬಾಯಿ ತೊಳೆದಳು. ಆಮೇಲೆ, ಸಿಟ್ಟಿಲ್ಲದೆ, ದಾರಿ ಕೇಳುವವರ ದನಿಯಲ್ಲಿ ಹೇಳಿದಳು:

"ತಂಗಿ, ನಾ ನಿನ್ನ ಮಗ್ಗಲದಾಗನ ನಿಂತಿದ್ನಲ್ಲ. ನನ್ನ ದಾಟಿ ಹೋದಿ."

ಮಾಳೇಶನನ್ನೂ ಅಮೋಲನನ್ನೂ ಒಂದೇ ಜೀಪಿನಲ್ಲಿ, ಒಂದೇ ಸೀಟಿನ ಮೇಲೆ ಕೂರಿಸಿ ಅಥಣಿಯ ದವಾಖಾನೆಗೆ ಒಯ್ದರು. ಒಬ್ಬ ಕೈ ಹಿಡಿದುಕೊಂಡಿದ್ದ, ಒಬ್ಬ ಬಾಯಿ. ಕೆಂಪವ್ವ ಮುಂದೆ ಕುಳಿತಳು. ಉಳಿದವರಲ್ಲಿ ಕೆಲವರಿಗೆ ನಂಬಿಕೆ ಬರಲಿಲ್ಲ. ಹುಲ್ಲು ಇಷ್ಟು ಹಸಿರಿರುವಾಗ ವಿಷ ಹೇಗಿದ್ದೀತು, ಓದಿ ಓದಿ ಹುಡುಗಿಗೆ ತಲೆ ಕೆಟ್ಟಿದೆ ಎಂದರು. ಬಾಬಾಸಾಹೇಬ ತೊಟ್ಟಿಯ ಕಟ್ಟೆಯ ಮೇಲೆ ಹೋಗಿ ಕುಳಿತ. ಎಲ್ಲರೂ ಕುಳಿತರು. ಪಂಪಿನ ಮನೆಯ ನೆರಳು ಗಿಡ್ಡವಾಗುತ್ತ ಬಂದು ಬದುವನ್ನು ಬಿಸಿಲಿಗೆ ಬಿಟ್ಟುಕೊಟ್ಟಿತು. ಮೊದಲು ಏನೂ ಆಗಲಿಲ್ಲ. ಊಟದ ಹೊತ್ತಿಗೆ ಹುಲ್ಲು ಕುದಿಸಿದ ಸೊಪ್ಪಿನ ಹಾಗೆ ನೀರೊಡೆದು ಕಡುಬಣ್ಣಕ್ಕೆ ತಿರುಗಿತು, ಆಮೇಲೆ ಬಾಗಿತು, ಆಮೇಲೆ ಅವರ ಕಣ್ಣೆದುರಿಗೇ ಬದುವಿನುದ್ದಕ್ಕೂ ಕರಕಾಗುತ್ತ ಹೋಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಜ್ವಲಾ ನೋಡಿದಳು. ಆ ಗರಿಗಳೊಳಗೆ ಜಿಡ್ಡು ಕಣಕಣವಾಗಿ ಕಮಟುವುದು, ಜತ್ತಿಗೆ ಹರಿಯುವುದು, ಜೋಡಿಗಳು ಬಿಚ್ಚಿ ಬೀಳುವುದು ಅವಳಿಗೆ ಅಂಗಳದಲ್ಲಿ ನಡೆದಷ್ಟೇ ನಿಚ್ಚಳವಾಗಿ ಕಂಡಿತು. ಅವಳ ಮಾತಿಗೆ ಈಗ ಎಲ್ಲರೂ ತಲೆಯಾಡಿಸಿದರು. ಒಬ್ಬರೂ ನಗಲಿಲ್ಲ.

ಕಾಳವ್ವ ಇಲ್ಲಿಗೆ ನಿಲ್ಲಿಸಿ ಬುಟ್ಟಿ ಪಕ್ಕಕ್ಕಿಟ್ಟಳು.

"ಬದುಕಿದ್ರೇನ ಬೇ ಅವ್ರು?" ಎಂದು ಕೇಳಿದಳು, ಎದುರಿಗೆ ಕುಳಿತ ಸಪನಾ.

"ಇಬ್ಬರೂ ಬದುಕ್ಯಾರ. ಒಬ್ಬನ ಕೈ ಸೊಟ್ಟ, ಒಬ್ಬನ ಮಾತ ತೊದಲ. ತೊದಲಿಕೊಂತ ಎಲ್ಲಾರ ಕೂಡ ಮಾತಾಡ್ತಾನ, ಅಕ್ಕನ ಕೂಡ ಅಷ್ಟ ಇಲ್ಲ."

"ಆ ಅಕ್ಕಾ?"

"ಊರ ಬಿಟ್ಟ ಹೋಗೂ ಮುಂಚೆ ಕೆಂಪವ್ವನ ಹಟ್ಟಿಗಿ ಹೋಗಿದ್ಲು. ನಾನೂ ಜೋಡಿ ಹೋಗಿದ್ದೆ. ಕೆಂಪವ್ವ ಚಾ ಮಾಡಿ ಕೊಟ್ಲು, ಒಳ್ಳೆ ಮಾತ ಆಡಿದ್ಲು. ಕೂತಷ್ಟ ಹೊತ್ತೂ ತುಟಿ ಮ್ಯಾಲಿನ ಸೆರಗ ಮಾತ್ರ ತೆಗೀಲಿಲ್ಲ."

ಹೊತ್ತು ಇಳಿದಿತ್ತು. ಹೆಂಗಸರು ಮಡಿಲಿನ ತೊಟ್ಟು ಕೊಡವಿ ಎದ್ದರು, ಬುಟ್ಟಿಗಳನ್ನು ಗೋಡೆಗೆ ಸಾಲಾಗಿ ಇಟ್ಟರು, ಚಪ್ಪಲಿ ಹುಡುಕಿ ಮೆಟ್ಟಿದರು. ಶೆಡ್ಡಿನಿಂದ ಊರಿಗೆ ಹೋಗಲು ದ್ರಾಕ್ಷಿ ತೋಟಗಳ ನಡುವೆ ಬದುವಿನ ಮೇಲಿನ ಕಾಲುದಾರಿ ಹತ್ತಿರ. ದಿನವೂ ಅವರು ನಡೆಯುವುದು ಅದರ ಮೇಲೆಯೇ. ಅಂದು ಬದು ಸಂಜೆಯ ಬೆಳಕಿನಲ್ಲಿ ಹಸಿರಾಗಿತ್ತು. ಮುಂದೆ ಹೊರಟವಳು ಅಲ್ಲಿ ಒಂದು ಗಳಿಗೆ ನಿಂತು, ಸೀರೆ ಮೊಣಕಾಲಿಗೆ ಎತ್ತಿದ್ದನ್ನು ಕೆಳಗೆ ಬಿಟ್ಟು, ಡಾಂಬರು ರಸ್ತೆಗೆ ತಿರುಗಿದಳು. ಉಳಿದವರೂ ಅವಳ ಹಿಂದೆ, ಸುತ್ತಿನ ದಾರಿ ಹಿಡಿದು, ಮನೆಗೆ ಹೋದರು.